ಔಷಧಿ ಕೊಡುವ ಕೈ ಯಾವುದು?

ವೈದ್ಯದ ಚರಿತ್ರೆ ಅಂತ ನಾವು ಶಾಲೆಯಲ್ಲಿ ಓದಿದ್ದೆಲ್ಲ ಡಾಕ್ಟರುಗಳ ಚರಿತ್ರೆ. ಚರಕ, ಸುಶ್ರುತ, ಆಮೇಲೆ ಜೆನ್ನರ್, ಪಾಶ್ಚರ್. ರೋಗವನ್ನು ಯಾರು ಗುರುತಿಸಿದರು, ಮದ್ದನ್ನು ಯಾರು ಕಂಡುಹಿಡಿದರು ಅನ್ನೋದು ಅಲ್ಲಿತ್ತು. ಕಂಡುಹಿಡಿದ ಮದ್ದು ರೋಗಿಯ ಬಾಯಿಗೆ ಯಾರ ಕೈಯಿಂದ ಬಂತು, ಎಷ್ಟು ದೂರದಿಂದ ಬಂತು ಅನ್ನೋದು ಯಾವ ಪಾಠದಲ್ಲೂ ಇರಲಿಲ್ಲ. ಕೇರಿಯಲ್ಲಿ ಹುಟ್ಟಿದವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ನಮಗೆ ನೀರು ಹಾಕುವ ಕೈ ಯಾವುದು, ಎಷ್ಟು ಎತ್ತರದಿಂದ ಹಾಕುತ್ತೆ ಅನ್ನೋ ಪ್ರಶ್ನೆ ಎಷ್ಟು ದೊಡ್ಡದೋ ಇದೂ ಅಷ್ಟೇ ದೊಡ್ಡದು.

ಡಾಕ್ಟರು ಚೀಟಿ ಬರೀತಾರೆ. ಔಷಧಿ ಕೊಡೋದು ಬೇರೆ ಕೈ. ಒಂದು ಕಾಲಕ್ಕೆ ಅದು ಕಾಂಪೌಂಡರನ ಕೈ, ಡ್ರೆಸ್ಸರನ ಕೈ. ಹಳ್ಳಿಯಲ್ಲಿ ಸೂಲಗಿತ್ತಿಯ ಕೈ. ಇವತ್ತು ಆಶಾ ಕಾರ್ಯಕರ್ತೆಯ ಕೈ, ನರ್ಸಿಂಗ್ ಹೋಮಿನ ಆಯಾಳ ಕೈ. ಈ ಕೈಗಳ ಮೇಲೆ ಸರ್ಕಾರ ಸುಮಾರು ನೂರು ವರ್ಷದಿಂದ ಕಣ್ಣಿಟ್ಟಿದೆ. ಆ ಕಣ್ಣು ಕೇಳುವುದು ಮೂರು ಮಾತು: ತರಬೇತಿ ಆಗಿದೆಯಾ? ಪ್ರಮಾಣಪತ್ರ ಇದೆಯಾ? ನಡತೆ ಸರಿ ಇದೆಯಾ? ಮೂರೂ ಕೇಳಬೇಕಾದ ಮಾತೇ. ಆದರೆ ನಮ್ಮ ದೇಶದ ಕಾಯಿದೆ ಪ್ರಮಾಣಪತ್ರವನ್ನು ಗೋಡೆಯಾಗಿ ಕಟ್ಟಿತು, ತರಬೇತಿಯನ್ನು ಓದಲು ಅನುಕೂಲ ಇದ್ದವರಿಗೆ ಬಿಟ್ಟಿತು, ನಡತೆ ಅನ್ನೋ ಮಾತಿನೊಳಗೆ ಮುಟ್ಟು-ಮೈಲಿಗೆಯ ಲೆಕ್ಕವನ್ನು ತೆಗೆದುಕೊಳ್ಳಲೇ ಇಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದಕ್ಕೆ ಸಾಕ್ಷಿ.

ಕಾಂಪೌಂಡರ್ ಅನ್ನೋ ಮನುಷ್ಯ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮಾತ್ರೆಗಳು ಹಾಳೆ ಹಾಳೆಯಾಗಿ ಕಂಪನಿಯಿಂದ ಬರುವುದಕ್ಕೆ ಮುಂಚೆ ಔಷಧಿಯನ್ನು ದವಾಖಾನೆಯಲ್ಲೇ ಮಾಡಬೇಕಿತ್ತು. ದೊಡ್ಡ ಜಾಡಿಗಳಲ್ಲಿ ಮಿಕ್ಸ್ಚರ್ ಬೆರೆಸೋದು, ಪುಟ್ಟ ತಕ್ಕಡಿಯಲ್ಲಿ ಪುಡಿ ತೂಗೋದು, ಕಲ್ಲಿನಲ್ಲಿ ಅರೆಯೋದು, ಕಾಗದದಲ್ಲಿ ಪೊಟ್ಟಣ ಕಟ್ಟೋದು, ಮುಲಾಮು ತಿರುವೋದು ಎಲ್ಲ ಅವನದೇ ಕೆಲಸ. ರೋಗಿಯೇ ಮನೆಯಿಂದ ಸೀಸೆ ತರಬೇಕು. ಕಾಂಪೌಂಡರ್ ಅದಕ್ಕೆ ಔಷಧಿ ತುಂಬಿ ಹೊರಗಡೆ ಒಂದು ಕಾಗದದ ಪಟ್ಟಿ ಅಂಟಿಸೋನು. ಪಟ್ಟಿಯ ಅಂಚಿನಲ್ಲಿ ಕತ್ತರಿಯ ಗುರುತು. ಒಂದು ಗುರುತಿಗೆ ಒಂದು ಹೊತ್ತು. ಓದು ಬರದ ಜನಕ್ಕೆ ಆ ಗುರುತೇ ಅಕ್ಷರ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮದರಾಸು, ಬಂಗಾಳಗಳಲ್ಲಿ ಈ ಕೆಲಸಕ್ಕೆ ತರಗತಿಗಳು ಶುರುವಾಗಿದ್ದವು. ಆದರೆ ಬಹಳ ಮಂದಿ ಕಲಿತದ್ದು ತರಗತಿಯಲ್ಲಿ ಅಲ್ಲ, ಹಳೇ ಕಾಂಪೌಂಡರನ ಪಕ್ಕದಲ್ಲಿ ನಿಂತು. ನೋಡಿ ನೋಡಿ, ತೊಳೆದು ತೊಳೆದು, ಬೈಸಿಕೊಂಡು ಬೈಸಿಕೊಂಡು.

ಆ ಪಕ್ಕದಲ್ಲಿ ನಿಲ್ಲೋದಕ್ಕೆ ಯಾರಿಗೆ ಜಾಗ ಸಿಗುತ್ತಿತ್ತು? ಮಿಕ್ಸ್ಚರ್ ಅಂದರೆ ನೀರು. ನೀರು ಅಂದರೆ ಜಾತಿ. ಊರಿನ ಬಾವಿಗೆ ಹಗ್ಗ ಬಿಡಲು ಬಿಡದ ಊರು, ಕೇರಿಯ ಹುಡುಗ ಬೆರೆಸಿದ ನೀರನ್ನು ಔಷಧಿ ಅಂತ ಕುಡೀತಿತ್ತಾ? ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿರಲಿಲ್ಲ. ಬರೆಯದೇ ಇದ್ದ ಕಾಯಿದೆ ಬರೆದ ಕಾಯಿದೆಗಿಂತ ಗಟ್ಟಿ. ನಮ್ಮವರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೆ ಅದು ಗುಡಿಸೋ ಕೆಲಸ, ತೊಳೆಯೋ ಕೆಲಸ, ಹೆಣ ಹೊರೋ ಕೆಲಸ. ಜಾಡಿಯಿಂದ ದೂರ, ಬಕೆಟ್ಟಿಗೆ ಹತ್ತಿರ.

ಇನ್ನು ರೋಗಿಯಾಗಿ ಹೋದರೆ? 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಕಾಗದ ಅಚ್ಚಾಯಿತು. ಬಾಬಾಸಾಹೇಬ ಅಂಬೇಡ್ಕರ್ 'ವೇಟಿಂಗ್ ಫಾರ್ ಎ ವೀಸಾ' ಬರೆಯುವಾಗ ಅದನ್ನು ಮರೆಯದೆ ಎತ್ತಿಕೊಂಡರು. ಮೇಷ್ಟ್ರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡವರು ಹೇಳಿ, ಎರಡು ರೂಪಾಯಿ ಫೀಜಿಗೆ ಜಾಮೀನಾದ ಮೇಲೆ, ಬಾಣಂತಿಯನ್ನು ಕೇರಿಯಿಂದ ಆಚೆ ತಂದರೆ ನೋಡ್ತೀನಿ ಅಂತ ಒಪ್ಪಿದ. ಎರಡು ದಿನದ ಕೂಸಿನ ಸಮೇತ ಅವಳನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನ ಕೈಗೆ ಕೊಟ್ಟ. ಗಂಡ ಹೆಂಡತಿಗೆ ಕೊಟ್ಟ. ಬಂದ ದಾರಿಯಲ್ಲೇ ಅದು ವಾಪಸು ಹೋಯಿತು. ದೀಪದ ಬೆಳಕಿನಲ್ಲಿ ಅದನ್ನು ನೋಡಿ ಡಾಕ್ಟರು ನ್ಯುಮೋನಿಯಾ ಅಂದ. ಔಷಧಿ ಕಳಿಸಿದ. ಮತ್ತೆ ಬಂದು ನೋಡಲಿಲ್ಲ. ಆಕೆ ಸತ್ತಳು.

ಇದನ್ನು ಕರುಣೆಯ ಕತೆಯಾಗಿ ಓದಬೇಡಿ, ಚರಿತ್ರೆಯ ದಾಖಲೆಯಾಗಿ ಓದಿ. ಆ ಡಾಕ್ಟರನಿಗೆ ತರಬೇತಿ ಇತ್ತು. ಪ್ರಮಾಣಪತ್ರ ಇತ್ತು. ಇಲ್ಲದ್ದು ಮೂರನೆಯದು. ಅದು ಇಲ್ಲ ಅಂತ ಯಾವ ರಿಜಿಸ್ಟರಿನಿಂದಲೂ ಅವನ ಹೆಸರು ಹೊಡೆದ ಸುದ್ದಿ ಆ ಕಾಗದದಲ್ಲಿಲ್ಲ. ಕೈಯಿಂದ ಕೈಗೆ ದಾಟಿದ ಆ ಥರ್ಮಾಮೀಟರು ಅಳೆದದ್ದು ಜ್ವರವನ್ನು ಮಾತ್ರ ಅಲ್ಲ.

ಅದರ ಮರುವರ್ಷವೇ, 1930ರಲ್ಲಿ, ಬ್ರಿಟಿಷ್ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. 1931ರಲ್ಲಿ ವರದಿ ಬಂತು. ಪೇಟೆಯಲ್ಲಿ ಕಲಬೆರಕೆ ಔಷಧಿ ತುಂಬಿದೆ, ಔಷಧಿ ಬೆರೆಸೋರಿಗೆ ಒಂದು ಕಟ್ಟುಪಾಡಿಲ್ಲ, ಕಾಂಪೌಂಡರುಗಳೇ ಈ ಕೆಲಸ ನಡೆಸುತ್ತಿದ್ದಾರೆ, ಓದಿದ ವೃತ್ತಿ ಅಂತ ಒಂದು ಹುಟ್ಟೇ ಇಲ್ಲ ಅಂತ ಸಮಿತಿ ಹೇಳಿತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಲ್. ಶ್ರಾಫ್ ಅವರಿಂದ ಫಾರ್ಮಸಿ ಓದು ಶುರುವಾಯಿತು. 1940ರಲ್ಲಿ ಔಷಧ ಕಾಯಿದೆ ಬಂತು. 1946ರಲ್ಲಿ ಭೋರ್ ಸಮಿತಿಯ ವರದಿ. ಅದರಲ್ಲಿ ಒಂದು ಲೆಕ್ಕ ಇದೆ, ನೆನಪಿಟ್ಟುಕೊಳ್ಳಿ: ಇಡೀ ದೇಶಕ್ಕೆ ಡಾಕ್ಟರುಗಳು 47,500, ನರ್ಸುಗಳು 7,000, ಓದಿ ಅರ್ಹತೆ ಪಡೆದ ಫಾರ್ಮಸಿಸ್ಟುಗಳು 75. ಎಪ್ಪತ್ತೈದು! ನಲವತ್ತು ಲಕ್ಷ ಜನಕ್ಕೆ ಒಬ್ಬ. ಹಾಗಾದರೆ ಆ ಡಾಕ್ಟರುಗಳ ಚೀಟಿಗೆ ಔಷಧಿ ಕೊಡ್ತಿದ್ದವರು ಯಾರು? ಹೆಸರಿಲ್ಲದ ಕಾಂಪೌಂಡರುಗಳು. ದೇಶದ ಆರೋಗ್ಯವನ್ನು ಹೊತ್ತವರು ಲೆಕ್ಕದ ಕೋಷ್ಟಕದಲ್ಲಿ ಇರಲೇ ಇಲ್ಲ.

1948ರ ಮಾರ್ಚಿನಲ್ಲಿ ಫಾರ್ಮಸಿ ಕಾಯಿದೆ ಬಂತು. ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು. ಪ್ರತಿ ರಾಜ್ಯದಲ್ಲೂ ಒಂದು ರಿಜಿಸ್ಟರ್ ತೆರೆಯಬೇಕು, ಅದರಲ್ಲಿ ಹೆಸರಿದ್ದವನೇ ಔಷಧಿ ಬೆರೆಸಬೇಕು, ಕೊಡಬೇಕು. ಈ ಕಾಯಿದೆಯ 31ನೇ ಸೆಕ್ಷನ್ನನ್ನು ನಮ್ಮ ಹುಡುಗರು ಓದಲೇಬೇಕು. ಮೊದಲ ಸಲ ರಿಜಿಸ್ಟರ್ ತೆರೆಯುವಾಗ ಯಾರ ಹೆಸರು ಬರೆಯಬಹುದು? ಫಾರ್ಮಸಿ ಪದವಿ, ಡಿಪ್ಲೊಮಾ ಇದ್ದವರದು. ಬೇರೆ ಪದವಿ ಇದ್ದು ಮೂರು ವರ್ಷ ಔಷಧಿ ಬೆರೆಸಿದವರದು. ಕಾಂಪೌಂಡರ್ ಪರೀಕ್ಷೆ ಪಾಸಾದವರದು. ಕೊನೆಗೆ, ಯಾವ ಕಾಗದವೂ ಇಲ್ಲದೆ ಆಸ್ಪತ್ರೆಯಲ್ಲೋ ದವಾಖಾನೆಯಲ್ಲೋ ಐದು ವರ್ಷ ಔಷಧಿ ಬೆರೆಸಿದವರದು. ಅಂದ್ರೆ ಕಾಯಿದೆಯೇ ಒಪ್ಪಿಕೊಂಡಿತು: ಕೈ ಕಲಿತದ್ದೂ ವಿದ್ಯೆಯೇ, ಐದು ವರ್ಷದ ದುಡಿಮೆಯೂ ಒಂದು ಪ್ರಮಾಣಪತ್ರವೇ.

ಆದರೆ ಈ ಕಿಟಕಿ ಒಂದೇ ಸಲ ತೆರೆದದ್ದು. ಗೊತ್ತಾದ ತಾರೀಖಿನೊಳಗೆ ಅರ್ಜಿ ಹಾಕಿದವರು ಒಳಗೆ, ಉಳಿದವರು ಹೊರಗೆ. ಆಮೇಲೆ ಬರುವವರಿಗೆ ಪರೀಕ್ಷೆಯ ಕಾಗದ ಬೇಕು. ಆ ಕಿಟಕಿ ತೆರೆದಿದ್ದ ಹೊತ್ತಿಗೆ ಜಾಡಿಯ ಹತ್ತಿರ ಯಾರು ನಿಂತಿದ್ದರು ಅನ್ನೋದನ್ನು ಆಗಲೇ ಹೇಳಿದೆ. ಕೇರಿಯವರ ಕೈ ಬಕೆಟ್ಟಿನಲ್ಲಿತ್ತು. ಕೈಯ ವಿದ್ಯೆಗೆ ಬೆಲೆ ಕಟ್ಟಿದ ಒಂದೇ ಒಂದು ದಿನ ನಮ್ಮ ಕೈಯಲ್ಲಿ ಪೊರಕೆ ಇತ್ತು.

ಕಿಟಕಿ ಮುಚ್ಚಿದ ಮೇಲೆ ಬಾಗಿಲಲ್ಲಿ ಬರಬಹುದಿತ್ತಲ್ಲ, ಓದಿ ಬರಬಹುದಿತ್ತಲ್ಲ ಅಂತ ಕೆಲವರು ಕೇಳ್ತಾರೆ. 1961ರ ಜನಗಣತಿ ನೋಡಿ. ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 10.27. ಹೆಂಗಸರಲ್ಲಿ 3.29. ಇದು ಹೆಸರು ಬರೆಯಲು ಬಂದವರ ಲೆಕ್ಕ, ಮೆಟ್ರಿಕ್ ಪಾಸಾದವರದಲ್ಲ. ಕಾಯಿದೆ ಜಾತಿಯ ಹೆಸರು ಎತ್ತಲಿಲ್ಲ ನಿಜ. ಎತ್ತುವ ಅಗತ್ಯ ಇರಲಿಲ್ಲ. ನೂರಕ್ಕೆ ತೊಂಬತ್ತು ಜನಕ್ಕೆ ಓದು ಬಾರದಂತೆ ಮಾಡಿಟ್ಟ ಸಮಾಜದಲ್ಲಿ 'ಓದಿದವರು ಮಾತ್ರ' ಅಂತ ಬರೆದರೆ ಸಾಕು, ಉಳಿದದ್ದು ತಾನಾಗಿ ಆಗುತ್ತೆ. ಮುಂದೆ ಡಿಪ್ಲೊಮಾಕ್ಕೆ ವಿಜ್ಞಾನದ ಪಿಯುಸಿ ಬೇಕಾಯಿತು, ಎರಡು ವರ್ಷದ ಓದು, 500 ಗಂಟೆಯ ಪ್ರಾಯೋಗಿಕ ತರಬೇತಿ ಬಂತು. ಒಳ್ಳೆಯದೇ. ಆದರೆ ಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನ ಎಲ್ಲಿತ್ತು? ಖಾಸಗಿ ಕಾಲೇಜಿನ ಫೀಜಿಗೆ ಕೂಲಿಯವನ ಮಗ ಎಲ್ಲಿ ಹೋಗಬೇಕಿತ್ತು?

ಇನ್ನೊಂದು ಬೆರಗು ಕೇಳಿ. ರಿಜಿಸ್ಟರಿನಲ್ಲಿ ಇಲ್ಲದವನು ಔಷಧಿ ಕೊಡಬಾರದು ಅನ್ನೋ 42ನೇ ಸೆಕ್ಷನ್ನಿಗೆ ಒಂದು ಬಾಲ ಇದೆ: ಡಾಕ್ಟರು ತನ್ನ ಸ್ವಂತ ರೋಗಿಗೆ ಔಷಧಿ ಕೊಟ್ಟರೆ ಇದು ಲಾಗೂ ಆಗೋದಿಲ್ಲ. ಕ್ಲಿನಿಕ್ಕುಗಳಲ್ಲಿ ನಡೆದದ್ದು ಏನು? ಹೆಸರು ಡಾಕ್ಟರದು, ಬೆರೆಸೋದು ರಿಜಿಸ್ಟರಿಲ್ಲದ ಕಾಂಪೌಂಡರ್. ಡಾಕ್ಟರಿಗೆ ಕಾಯಿದೆಯ ನೆರಳು. ಕಾಂಪೌಂಡರನಿಗೆ ಹಕ್ಕೂ ಇಲ್ಲ, ಸಂಬಳದ ಲೆಕ್ಕವೂ ಇಲ್ಲ. ಆ ಸೆಕ್ಷನ್ ಕೂಡ ಎಲ್ಲ ಕಡೆ ಒಟ್ಟಿಗೆ ಜಾರಿಗೆ ಬರಲಿಲ್ಲ. 1976ರ ತಿದ್ದುಪಡಿ, ಆಮೇಲಿನ ಇನ್ನೊಂದು ತಿದ್ದುಪಡಿ ಸೇರಿ ಕೊನೆಯ ಗಡುವು ನಿಂತದ್ದು 1984ರ ಸೆಪ್ಟೆಂಬರಿಗೆ. ಕಾಯಿದೆ ಬಂದ ಮೂವತ್ತಾರು ವರ್ಷಕ್ಕೆ. ಆ ಹೊತ್ತಿಗೆ ಬೆರೆಸುವ ಕೆಲಸವೇ ದವಾಖಾನೆ ಬಿಟ್ಟು ಕಾರ್ಖಾನೆಗೆ ಹೋಗಿತ್ತು. ಮೂವತ್ತಾರು ವರ್ಷದಲ್ಲಿ ಆ ಹಳೇ ಕೈಗಳನ್ನೆಲ್ಲ ಕೂರಿಸಿ ಕಲಿಸಬಹುದಿತ್ತು. ಸಂಜೆ ತರಗತಿ ಮಾಡಬಹುದಿತ್ತು. ಕನ್ನಡದಲ್ಲಿ ಪಾಠ ಬರೆಸಬಹುದಿತ್ತು. ಮುಂದೂಡಿದ್ದು ಶಿಕ್ಷೆಯನ್ನು. ಕಲಿಕೆಯನ್ನು ಕೊಟ್ಟೇ ಇರಲಿಲ್ಲ, ಮುಂದೂಡುವುದು ಎಲ್ಲಿಂದ ಬಂತು?

ಈಗ ನಡತೆಯ ಮಾತು. ಇದೇ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ವೃತ್ತಿಗೆ ಕಳಂಕ ತರುವ ಹೀನ ನಡತೆ ತೋರಿದವನ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ಹೀನ ನಡತೆ ಅಂದರೆ ಏನು? ಆ ಸೆಕ್ಷನ್ ಬಿಡಿಸಿ ಹೇಳಲಿಲ್ಲ. ಕೇರಿಯ ಹೆಂಗಸಿನ ಸೆರಗಿಗೆ ಮೇಲಿನಿಂದ ಮಾತ್ರೆ ಎಸೆಯೋದು ಹೀನ ನಡತೆಯಾ? ನಮ್ಮಜ್ಜಿ ಹೇಳ್ತಿದ್ದಳು: 'ಸೀಸೆನ ಕಟ್ಟೆ ಮ್ಯಾಲಿಟ್ಟು ಹಿಂದಕ್ಕೆ ಸರ್ಕಬೇಕು ಕಣಪ್ಪ. ಆವಯ್ಯ ತುಂಬಿಟ್ಟು ಒಳಕ್ಕೋದ್ಮೇಲೆ ನಾವು ಎತ್ಕಬೇಕು. ಹೊತ್ತಿಗೆಷ್ಟು ಅಂತ ಕೇಳಾಕೂ ಹೆದ್ರಿಕೆ.' ಹೊತ್ತಿಗೆಷ್ಟು ಅಂತ ಕೇಳಲು ಹೆದರಿದ ತಾಯಿ ಮಗುವಿಗೆ ಎಷ್ಟು ಕುಡಿಸಿರಬಹುದು? ಮುಟ್ಟದೆ ಕೊಟ್ಟ ಔಷಧಿ ಅರ್ಧ ಔಷಧಿ. ಇದು ಬರೀ ಮಾನದ ಪ್ರಶ್ನೆ ಅಲ್ಲ, ಪ್ರಾಣದ ಪ್ರಶ್ನೆ.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಅದರ 5ನೇ ಸೆಕ್ಷನ್ ಆಸ್ಪತ್ರೆ, ದವಾಖಾನೆಗೆ ಸೇರಿಸದೆ ಇರೋದನ್ನೂ, ಸೇರಿಸಿಕೊಂಡ ಮೇಲೆ ಭೇದ ಮಾಡೋದನ್ನೂ ಅಪರಾಧ ಅಂದಿತು. ಎರಡೂ ಕಾಯಿದೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಔಷಧಿ ಕೊಟ್ಟರೆ ಆಗ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ ಇತ್ತು. ಅಸ್ಪೃಶ್ಯ ಅಂತ ದವಾಖಾನೆಯ ಬಾಗಿಲಲ್ಲಿ ತಡೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ. ಕಾಗದ ಇಲ್ಲದ ಕೈಗೆ ಸಾವಿರ, ಮನುಷ್ಯತ್ವ ಇಲ್ಲದ ಕೈಗೆ ಐನೂರು. 1976ರಲ್ಲಿ ಆ ಕಾಯಿದೆ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಆಯಿತು, 2015ರ ತಿದ್ದುಪಡಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ತಡೆಯೋದು ದೌರ್ಜನ್ಯ ತಡೆ ಕಾಯಿದೆಯ ಒಳಗೂ ಬಂತು. ಕಾಗದ ಗಟ್ಟಿಯಾಯಿತು. ಕೈ? 2006ರಲ್ಲಿ ಪ್ರಕಟವಾದ, ಘನಶ್ಯಾಮ್ ಶಾ, ಸುಖದೇವ್ ಥೋರಾಟ್ ಮುಂತಾದವರ ಅಧ್ಯಯನ 11 ರಾಜ್ಯಗಳ 565 ಹಳ್ಳಿಗಳನ್ನು ಸುತ್ತಿತು. ನೂರಕ್ಕೆ 33 ಹಳ್ಳಿಗಳಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡಲ್ಲ ಅಂತ ಕಂಡಿತು. ಅವರೆಲ್ಲ ತರಬೇತಿ ಆದವರೇ.

ಕಾಗದ ಇದ್ದ ಕೈ ಬರದೆ ಹೋದಾಗ ಕೇರಿಯನ್ನು ಉಳಿಸಿದ್ದು ಕಾಗದ ಇಲ್ಲದ ಕೈಗಳು. ಸೂಲಗಿತ್ತಿಯರು. 1903ರಲ್ಲೇ ಲೇಡಿ ಕರ್ಜನ್ ಹೆಸರಿನ ಮುಂದಾಳತ್ವದಲ್ಲಿ ದಾಯಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ನಿಧಿ ಆಯಿತು. 1926ರಲ್ಲಿ ಮದರಾಸಿನಲ್ಲಿ ನರ್ಸು ಮತ್ತು ಸೂಲಗಿತ್ತಿಯರ ನೋಂದಣಿ ಕಾಯಿದೆ ಬಂತು. ಅಲ್ಲೂ ಅದೇ: ಓದಿದ ಮಿಡ್‌ವೈಫ್ ರಿಜಿಸ್ಟರಿನ ಒಳಗೆ, ಹಳ್ಳಿಯ ಸೂಲಗಿತ್ತಿ 'ಕೊಳಕಿ, ಅಜ್ಞಾನಿ' ಅನ್ನಿಸಿಕೊಂಡು ಹೊರಗೆ. ಹೆರಿಗೆಯ ರಕ್ತ ಮೈಲಿಗೆ ಅಂತ ಆ ಕೆಲಸವನ್ನು ಕೆಳಜಾತಿಯ ಹೆಂಗಸರಿಗೆ ದೂಡಿದವರೂ ಅವರೇ, ಕೈ ಕೊಳಕು ಅಂತ ಅಂದವರೂ ಅವರೇ. ಪಾವಗಡದ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ. ಅಜ್ಜಿಯಿಂದ ಕಲಿತ ಕೈಯಲ್ಲಿ ಹದಿನೈದು ಸಾವಿರ ಹೆರಿಗೆ ಮಾಡಿಸಿದವರು ಅಂತ ನಾಡು ಕೊಂಡಾಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿಗೆ ಕೈ ಮುಗಿಯೋಣ. ಆದರೆ ಬದುಕೆಲ್ಲ ರಿಜಿಸ್ಟರಿನ ಹೊರಗೆ ಇಟ್ಟು, ಮುಪ್ಪಿನಲ್ಲಿ ಪದಕ ಕೊಡೋದು ನ್ಯಾಯ ಅಲ್ಲ, ಸಮಾಧಾನ.

ಕೊನೆಗೆ ಸರ್ಕಾರಕ್ಕೂ ಗೊತ್ತಾಯಿತು, ಕಾಗದದವರು ಹಳ್ಳಿಗೆ ಬರಲ್ಲ ಅಂತ. 1975ರ ಶ್ರೀವಾಸ್ತವ ಸಮಿತಿಯ ಮಾತಿನ ಮೇಲೆ 1977ರ ಅಕ್ಟೋಬರ್ 2ರಂದು ಒಂದು ಯೋಜನೆ ಶುರುವಾಯಿತು. ಸಾವಿರ ಜನಕ್ಕೆ ಒಬ್ಬ ಸಮುದಾಯ ಆರೋಗ್ಯ ಕಾರ್ಯಕರ್ತ. ಮೂರು ತಿಂಗಳ ತರಬೇತಿ, ಒಂದು ಔಷಧಿ ಪೆಟ್ಟಿಗೆ, ತಿಂಗಳಿಗೆ 50 ರೂಪಾಯಿ ಗೌರವಧನ. ಎಲ್ಲ ರಾಜ್ಯಗಳೂ ಅದನ್ನು ಒಂದೇ ರೀತಿ ಒಪ್ಪಿಕೊಳ್ಳಲಿಲ್ಲ. ಆದರೆ ಹೆಸರು ಬದಲಾದ ಬಗೆ ನೋಡಿ: 1977ರಲ್ಲಿ 'ಕಾರ್ಯಕರ್ತ', 1980ರಲ್ಲಿ 'ಸ್ವಯಂಸೇವಕ', 1981ರಲ್ಲಿ 'ಮಾರ್ಗದರ್ಶಿ'. ಕಾರ್ಯಕರ್ತ ಅಂದರೆ ಕೆಲಸಗಾರ, ಕೆಲಸಗಾರ ಅಂದರೆ ಸಂಬಳ ಕೇಳ್ತಾನೆ. ಸ್ವಯಂಸೇವಕ ಕೇಳೋ ಹಾಗಿಲ್ಲ. ಒಂದು ಪದ ಬದಲಾಯಿಸಿ ಒಂದು ಹಕ್ಕು ಕಿತ್ತುಕೊಳ್ಳುವ ವಿದ್ಯೆ ನಮ್ಮ ವ್ಯವಸ್ಥೆಗೆ ಚೆನ್ನಾಗಿ ಗೊತ್ತು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಆಶಾ ಬಂದಳು. ಈ ಸಲ ಹೆಂಗಸು. ಮೊದಲ ವರ್ಷ 23 ದಿನದ ತರಬೇತಿ. ಚೀಲದಲ್ಲಿ ಜ್ವರದ ಮಾತ್ರೆ, ಕಬ್ಬಿಣದ ಮಾತ್ರೆ, ಓ.ಆರ್.ಎಸ್. ಪೊಟ್ಟಣ. ಕ್ಷಯದ ರೋಗಿ ದಿನಾ ಮಾತ್ರೆ ನುಂಗಿದನಾ ಅಂತ ನೋಡುವವಳೂ ಬಹಳ ಕಡೆ ಅವಳೇ. ಕಾಗದದಲ್ಲಿ ಮತ್ತೆ ಅದೇ ಪದ: ಸ್ವಯಂಸೇವಕಿ. ಸಂಬಳ ಅಲ್ಲ, ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಗೌರವ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಖಾತರಿ ದುಡ್ಡು ಕೇಳಿಕೊಂಡು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತರು. ಗೌರವ ಜಿನೀವಾದಲ್ಲಿ, ಚಳಿ ಫ್ರೀಡಂ ಪಾರ್ಕಿನಲ್ಲಿ.

ಇಷ್ಟೆಲ್ಲ ಓದಿ 'ಹಾಗಾದ್ರೆ ಕಾಯಿದೆಯೇ ಬೇಡ, ಯಾರು ಬೇಕಾದ್ರೂ ಔಷಧಿ ಕೊಡಲಿ ಅಂತೀಯಾ?' ಅಂತ ಯಾರಾದರೂ ಕೇಳಬಹುದು. ಇಲ್ಲ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗರ್‌ಮಾವ್‌ನಲ್ಲಿ ಹತ್ತಾರು ಜನರ ರಕ್ತದಲ್ಲಿ ಎಚ್.ಐ.ವಿ. ಕಂಡಿತು. ಸೈಕಲ್ ಮೇಲೆ ಬಂದು ಹತ್ತು ರೂಪಾಯಿಗೆ ಸೂಜಿ ಹಾಕುತ್ತಿದ್ದವನು ಒಂದೇ ಸಿರಿಂಜನ್ನು ಎಲ್ಲರಿಗೂ ಬಳಸಿದ ಅಂತ ಕೇಸಾಯಿತು. ಅಂಥವನ ಹತ್ತಿರ ಹೋಗುವವರು ಬಡವರೇ. ಕಟ್ಟುಪಾಡು ಇಲ್ಲದ ಕಡೆ ಮೊದಲು ಸಾಯುವವರು ನಾವೇ. ಹಾಗಾಗಿ ಕಾಯಿದೆ ನಮಗೆ ಬೇಕು. ಉಳ್ಳವರಿಗಿಂತ ಹೆಚ್ಚಾಗಿ ಬೇಕು.

ಎಂಥ ಕಾಯಿದೆ? ಅಮೆರಿಕದ ಹಲವು ರಾಜ್ಯಗಳಲ್ಲಿ ಮುದುಕರ ಆರೈಕೆ ಮನೆಗಳಲ್ಲಿ ಮಾತ್ರೆ ಕೊಡುವ ಸಹಾಯಕಿಯರಿಗೆ ಪ್ರತ್ಯೇಕ ನಿಯಮ ಇದೆ. ಇಷ್ಟು ಗಂಟೆ ತರಬೇತಿ, ಒಂದು ಪರೀಕ್ಷೆ, ಒಂದು ರಿಜಿಸ್ಟರ್, ಮೇಲೆ ಒಬ್ಬ ನರ್ಸಿನ ಕಣ್ಣು, ಏನು ಮಾಡಬಹುದು ಏನು ಮಾಡಬಾರದು ಅನ್ನೋ ಪಟ್ಟಿ. ಅದೇನೂ ಸ್ವರ್ಗ ಅಲ್ಲ. ಆ ಮನೆಗಳಲ್ಲಿ ಕಮ್ಮಿ ಕೂಲಿಗೆ ದುಡಿಯುವವರಲ್ಲಿ ಕಪ್ಪು ಹೆಂಗಸರು, ವಲಸೆ ಬಂದ ಹೆಂಗಸರೇ ಬಹಳ. ಆದರೂ ಅಲ್ಲಿ ಕೆಳಗಿನ ಕೈಗೆ ಕಾಯಿದೆಯಲ್ಲಿ ಒಂದು ಹೆಸರಿದೆ, ಏರಲು ಒಂದು ಮೆಟ್ಟಿಲಿದೆ. ನಮ್ಮ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಬಿಳೀ ಕೋಟು ಹಾಕಿಕೊಂಡು ಡ್ರಿಪ್ ಹಾಕ್ತಾರೆ, ಸೂಜಿ ಹಾಕ್ತಾರೆ. ಎಷ್ಟೋ ಕಡೆ ಅವರು ನಮ್ಮ ಕೇರಿಯವರೇ. ಕಲಿಸಿದವರು ಯಾರೂ ಇಲ್ಲ. ಏನಾದರೂ ಆದರೆ ಕೇಸು ಅವಳ ಮೇಲೆ, ಫೀಜು ಮಾಲೀಕನಿಗೆ.

ಆದ್ದರಿಂದ ನಾವು ಕೇಳಬೇಕಾದ್ದು ಸ್ಪಷ್ಟ. ಔಷಧಿ ಕೊಡುವ ಪ್ರತಿ ಕೈಗೂ ಸರ್ಕಾರದ ಖರ್ಚಿನಲ್ಲಿ, ಕನ್ನಡದಲ್ಲಿ, ದುಡಿಯುತ್ತಲೇ ಕಲಿಯುವ ತರಬೇತಿ ಬೇಕು. 1948ರಲ್ಲಿ ಒಂದು ಸಲ ತೆರೆದ ಆ ಕಿಟಕಿ, ದುಡಿಮೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವ ಕಿಟಕಿ, ಪರೀಕ್ಷೆಯ ಜೊತೆಗೆ ಸದಾ ತೆರೆದಿರಬೇಕು. ಆಶಾ ಹತ್ತು ವರ್ಷ ಮಾತ್ರೆ ಕೊಟ್ಟಿದ್ದರೆ ನರ್ಸಿಂಗ್ ಓದಿಗೆ, ಫಾರ್ಮಸಿ ಓದಿಗೆ ಅದು ಮೆಟ್ಟಿಲಾಗಬೇಕು. ಸ್ವಯಂಸೇವಕಿ ಅನ್ನೋ ಪದ ಹೋಗಿ ಕೆಲಸಗಾರ್ತಿ ಅನ್ನೋ ಪದ ಬರಬೇಕು. ಹೀನ ನಡತೆಯ ಪಟ್ಟಿಯಲ್ಲಿ ಮೊದಲ ಸಾಲಾಗಿ ಇದನ್ನು ಬರೆಯಬೇಕು: ಜಾತಿ ನೋಡಿ ದೂರ ನಿಂತು ಔಷಧಿ ಕೊಟ್ಟವನ ಹೆಸರು ರಿಜಿಸ್ಟರಿನಲ್ಲಿ ಇರತಕ್ಕದ್ದಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ಕೆಲಸ. ನಿಮ್ಮ ಹೋಬಳಿಯಲ್ಲಿ ಇನ್ನೂ ಉಸಿರಾಡುತ್ತಿರುವ ಹಳೇ ಕಾಂಪೌಂಡರುಗಳನ್ನು, ಡ್ರೆಸ್ಸರುಗಳನ್ನು, ಸೂಲಗಿತ್ತಿಯರನ್ನು ಹುಡುಕಿ. ಅವರು ಏನು ಬಲ್ಲವರಾಗಿದ್ದರು, ಯಾರಿಂದ ಕಲಿತರು, ಕೇರಿಗೆ ಬರುತ್ತಿದ್ದರಾ, ಕೈಗೆ ಕೊಡುತ್ತಿದ್ದರಾ ಕಟ್ಟೆ ಮೇಲೆ ಇಡುತ್ತಿದ್ದರಾ, ಕೇಳಿ ಬರೆದುಕೊಳ್ಳಿ. ಹಾಗೇ ಆರೋಗ್ಯ ಕೇಂದ್ರಕ್ಕೆ ಹೋಗಿ ಔಷಧಿ ಕೊಡುವ ಕಿಟಕಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಮಾತ್ರೆ ಎಣಿಸಿದವರು ಹೊತ್ತಿಗೆಷ್ಟು ಅಂತ ಯಾರಿಗೆ ಹೇಳ್ತಾರೆ, ಯಾರಿಗೆ ಹೇಳದೆ ತಳ್ಳುತ್ತಾರೆ ಅಂತ ಲೆಕ್ಕ ಹಿಡಿಯಿರಿ. ಸರ್ಕಾರದ ಕೋಷ್ಟಕದಲ್ಲಿ ಆ ಕಾಲಂ ಇಲ್ಲ. ನಾವೇ ಗೆರೆ ಎಳೆದು ತುಂಬಬೇಕು.